ಕೊನೆಯ ಎರಡು ಎಣಿಕೆ

ಬ್ಯಾಲೆ ಅಂದರೆ ಹಂಸ, ಹೂವು, ಮಂಜು ಅಂತ ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂರುವವರು ಅಂದುಕೊಂಡಿರಲಿ. ಅವರಿಗೆ ಅದರ ವಾಸನೆ ಗೊತ್ತಿಲ್ಲ, ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಆ ವಾಸನೆಯೊಳಗೇ ಕೂತು ಕ್ಲಾಸಿಗೆ ಪಿಯಾನೋ ನುಡಿಸಿದವಳು ನಾನು. ಬೆವರು, ಒಣಗದ ಕಾಲುಚೀಲ, ನೋವಿನ ಮುಲಾಮು, ಗಟ್ಟಿ ತುದಿಯ ಶೂಗಳಿಂದ ಬರುವ ಅಂಟಿನ ನಾತ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಿಟಕಿಗೆ ಓಡಬೇಕು. ಪೆಡಲಿನ ಕೆಳಗೆ ಎಷ್ಟು ಸಲ ಯಾರದೋ ಹೆಬ್ಬೆರಳಿನ ಪ್ಲಾಸ್ಟರ್ ಸಿಕ್ಕಿದೆಯೋ ಲೆಕ್ಕವಿಲ್ಲ. ಒಂದು ಸಲ ಅದರ ಜೊತೆ ಇಡೀ ಉಗುರೇ ಇತ್ತು. ಥೂ, ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಇನ್ನು ಆ ಫ್ರೆಂಚ್ ಹೆಸರುಗಳು. ಕಾರಿಡಾರಿನಲ್ಲಿ ಕೂತ ಅಮ್ಮಂದಿರು ಅವನ್ನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡ ಹಾಗೆ ಚಪ್ಪರಿಸುತ್ತಾರೆ. ನನ್ನ ಮಗಳ ಪ್ಲಿಯೆ ನೋಡಿ, ನಿಮ್ಮ ಮಗಳ ಝೆತೆ ಎಷ್ಟು ಚೆಂದ ಅಂತ. ಅರ್ಥ ಕೇಳಿದರೆ ಒಬ್ಬಳಿಗೂ ಗೊತ್ತಿಲ್ಲ. ಪ್ಲಿಯೆ ಅಂದರೆ ಮಡಿಸಿದ್ದು: ಬೆನ್ನು ನೆಟ್ಟಗಿಟ್ಟುಕೊಂಡು ಮಂಡಿ ಮಡಿಸಿ ಇಳಿಯೋದು. ತಾಂದ್ಯು ಅಂದರೆ ಎಳೆದದ್ದು: ಪಾದವನ್ನು ನೆಲ ಬಿಡದ ಹಾಗೆ ಬೆರಳ ತುದಿವರೆಗೂ ಚಾಚೋದು. ಫ್ರಾಪೆ ಅಂದರೆ ಬಡಿದದ್ದು. ಝೆತೆ ಅಂದರೆ ಎಸೆದದ್ದು: ಒಂದು ಕಾಲನ್ನು ಮುಂದಕ್ಕೆ ಎಸೆದು ಅದರ ಹಿಂದೆ ಮೈಯನ್ನೂ ಹಾರಿಸೋದು. ಮಡಿಸು, ಎಳಿ, ಬಡಿ, ಎಸಿ. ಬಟ್ಟೆ ಒಗೆಯುವಲ್ಲಿ ಆಡುವ ಮಾತು ಇದು. ಇಲ್ಲಿ ಬಟ್ಟೆಯ ಬದಲು ಮಕ್ಕಳು, ಅಷ್ಟೇ ವ್ಯತ್ಯಾಸ.

ಒಗೆಯುವವರು ನಮ್ಮ ಮೇಡಂ. ಅವರ ಎತ್ತರದ ಸ್ಟೂಲು ನನ್ನ ಪಿಯಾನೋ ಪಕ್ಕದಲ್ಲೇ. ನನ್ನ ಹೆಸರು ಹಿಡಿದು ಅವರು ಒಂದು ದಿನವೂ ಕರೆದವರಲ್ಲ. 'ಪಿಯಾನೋ, ಶುರು' ಅನ್ನುವರು, ನಾನೂ ಒಂದು ಮರದ ಸಾಮಾನು ಅನ್ನೋ ಹಾಗೆ. ಹುಡುಗಿಯರು ದಪ್ಪಗಾಗಬಾರದು ಅಂತ ಅರೆಹೊಟ್ಟೆಯಲ್ಲಿ ಬಂದು ಗೋಡೆಗುಂಟ ಹಾಕಿದ ಕಂಬಿ ಹಿಡಿದು ಕುಣಿಯುತ್ತಿದ್ದರೆ, ಇವರು ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದು ತಿನ್ನುವರು. ಬೀಜ ಉಗಿಯಲು ಒಂದು ತಟ್ಟೆ, ಅದಕ್ಕೆ ಜಾಗ ನನ್ನ ಪಿಯಾನೋ ಮೇಲೆ. ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ ಅಂತಾರಲ್ಲ, ಅದನ್ನು ನಾನು ದಿನಕ್ಕೆ ನಾಲ್ಕು ಗಂಟೆ ಪಕ್ಕದಲ್ಲೇ ಕೂತು ನೋಡಿದ್ದೇನೆ. ಕೊನೆಗೆ ಮಕ್ಕಳನ್ನು ಬೋರಲು ಮಲಗಿಸಿ, ಕಪ್ಪೆಯ ಹಾಗೆ ಮಂಡಿ ಅಗಲಿಸಿ, ಸೊಂಟದ ಮೇಲೆ ಕೈಯೂರಿ ನೆಲಕ್ಕೆ ಒತ್ತುವರು. ತೊಡೆ ಹೊರಕ್ಕೆ ತಿರುಗಬೇಕಂತೆ. ಕಿತ್ತಳೆ ರಸ ಅಂಟಿದ ಅದೇ ಕೈ.

ಇಷ್ಟು ಅಸಹ್ಯ ಇದ್ದ ಜಾಗಕ್ಕೆ ನನ್ನ ಸ್ವಂತ ತಂಗಿಯ ಮಗಳನ್ನು ಯಾಕೆ ಕರೆದುಕೊಂಡು ಬಂದೆ ಅಂತ ನೀವು ಕೇಳಬಹುದು. ತಂಗಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು, ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಂದು ಸಲ ಮುಖ ತೋರಿಸುತ್ತಾನೆ. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವವರು ಇರಲಿಲ್ಲ. ಆರು ವರ್ಷದವಳನ್ನು ತಂದು ಪಿಯಾನೋ ಕೆಳಗೆ ಕೂರಿಸಿಕೊಂಡೆ. ತಿಂಗಳು ಕಳೆಯುವುದರೊಳಗೆ ಅದು ಎದ್ದು ಹೋಗಿ ಕಂಬಿ ಹಿಡಿದು ನಿಂತಿತು. ಸಣಕಲಿ, ಅದಕ್ಕೇ ಮನೆಯಲ್ಲಿ ಕಡ್ಡಿ ಅಂತ ಕರೆಯುತ್ತಿದ್ದೆವು. ಹದಿನಾಲ್ಕಾಗುವ ಹೊತ್ತಿಗೆ ನಮ್ಮ ಬ್ಯಾಲೆ ಶಾಲೆಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ದೊಡ್ಡಮ್ಮ ಅಂತ ಹೇಳುತ್ತಿಲ್ಲ, ಕಿವಿಯಿಂದ ಕೇಳಿ ಹೇಳುತ್ತಿದ್ದೇನೆ.

ಕಿವಿಯಿಂದಲೇ. ಯಾಕೆಂದರೆ ನನ್ನ ಪಿಯಾನೋ ಗೋಡೆಗೆ ಮುಖ ಮಾಡಿದೆ, ಹುಡುಗಿಯರು ನನ್ನ ಬೆನ್ನ ಹಿಂದೆ. ಯಾರು ಹೇಗೆ ಕುಣಿಯುತ್ತಾರೆ ಅಂತ ನನಗೆ ತಿಳಿಯುವುದು ಅವರು ಹಾರಿ ನೆಲಕ್ಕೆ ಬೀಳುವ ಸದ್ದಿನಿಂದ. ಸೋತೆ ಅಂತ ಒಂದು ನೆಗೆತ ಇದೆ, ಎರಡೂ ಕಾಲಲ್ಲಿ ನೆಟ್ಟಗೆ ಮೇಲಕ್ಕೆ ಹಾರಿ ಎರಡೂ ಕಾಲ ಮೇಲೆ ಇಳಿಯೋದು. ಹದಿನಾರು ಹುಡುಗಿಯರಲ್ಲಿ ಒಬ್ಬಳು ಮೂಟೆ ಹಾಕಿದ ಹಾಗೆ ಇಳಿಯುತ್ತಾಳೆ, ಒಬ್ಬಳು ಹಿಮ್ಮಡಿ ಕುಟ್ಟುತ್ತಾಳೆ. ಕಡ್ಡಿ ಇಳಿದದ್ದು ಕೇಳಿಸುತ್ತಲೇ ಇರಲಿಲ್ಲ. ಒಂದು ದಿನ ಕೇಳಿಸಿತು. ಮೊದಲು ಬಲಗಾಲು, ಕೂದಲೆಳೆಯಷ್ಟು ತಡವಾಗಿ ಎಡಗಾಲು. ನನ್ನ ಬೆರಳು ತಪ್ಪಿತು. ಮೇಡಂ ಬೀಜ ಉಗಿದು, 'ಪಿಯಾನೋ, ನಿದ್ದೆನಾ?' ಅಂದರು.

ಕ್ಲಾಸು ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಕಡ್ಡಿ ಬೆಂಚಿನ ಮೇಲೆ ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಸಾಮಾನು ಎತ್ತಿಟ್ಟ ಹಾಗೆ ಬಲ ಮಂಡಿಯ ಮೇಲೆ ಇಟ್ಟುಕೊಂಡು ಕಾಲುಚೀಲ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಮುಖ ಬಿಳಿಚಿಕೊಂಡಿತು. ಗದರಿಸಿದ ಮೇಲೆ ಬಾಯಿ ಬಿಟ್ಟಳು. ಒಂದು ತಿಂಗಳಿಂದ ಸೊಂಟದ ಕೀಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದಂತೆ. ಹೆಚ್ಚು ನೋವು ದೆವೆಲೊಪೆಯಲ್ಲಿ.

ದೆವೆಲೊಪೆ ಅಂದರೆ ಬಿಚ್ಚಿಕೊಂಡದ್ದು. ಒಂದು ಕಾಲ ಮೇಲೆ ನಿಂತು, ಇನ್ನೊಂದರ ಪಾದವನ್ನು ನಿಂತ ಕಾಲಿನ ಮಂಡಿವರೆಗೆ ಜಾರಿಸಿ, ಅಲ್ಲಿಂದ ಮಡಿಕೆ ಬಿಚ್ಚುತ್ತಾ ಬಿಚ್ಚುತ್ತಾ ಕಿವಿಯ ಎತ್ತರಕ್ಕೆ ಚಾಚಿ, ಅಲ್ಲೇ ಹಿಡಿದು ನಿಲ್ಲಬೇಕು. ಎಂಟು ಎಣಿಕೆ. ಇಡೀ ಕಾಲಿನ ಭಾರ ಸೊಂಟದ ಆ ಒಂದು ಕೀಲಿನ ಮೇಲೆ. ಮೊದಲ ಆರು ಎಣಿಕೆ ಹೇಗೋ ತಡೆಯುತ್ತೇನೆ, ಕೊನೆಯ ಎರಡರಲ್ಲಿ ಸೊಂಟ ತಾನಾಗಿ ಎಗರುತ್ತದೆ ಅಂದಳು.

ಡಾಕ್ಟರ ಹತ್ತಿರ ನಡಿ ಅಂದೆ. ಕೈ ಹಿಡಿದುಕೊಂಡಳು. ಇನ್ನು ಎಂಟು ತಿಂಗಳಿಗೆ ದೊಡ್ಡ ನೃತ್ಯ ತಂಡದವರು ತಮ್ಮ ತರಬೇತಿ ಶಾಲೆಗೆ ಮಕ್ಕಳನ್ನು ಆರಿಸಲು ಬರುವವರಿದ್ದರು. ನಮ್ಮಲ್ಲಿಂದ ತೆಗೆದುಕೊಳ್ಳುವುದು ಇಬ್ಬರನ್ನು. ಹದಿನೈದು ದಾಟಿದವರನ್ನು ನೋಡುವುದೂ ಇಲ್ಲ, ಆದ್ದರಿಂದ ಅವಳಿಗೆ ಇದೊಂದೇ ಸಲ. ನೋವು ಅಂತ ಗೊತ್ತಾದರೆ ಮೇಡಂ ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತಾರೆ ಅಂತ ಅತ್ತಳು.

"ಸ್ವಲ್ಪ ಬೇಗ ನುಡಿಸು ದೊಡ್ಡಮ್ಮ," ಅಂದಳು. "ಆ ಎರಡು ಎಣಿಕೆಯಷ್ಟು ಉಳಿಸಿಕೊಡು, ಸಾಕು. ನಾನು ನೋಡ್ಕೋತೀನಿ."

ನಾನು ಆಗಲಿ ಅಂದೆ. ಯಾಕೆ ಅಂದೆ ಅಂತ ಆವತ್ತು ಕೇಳಿದ್ದರೆ ಪ್ರೀತಿಗೆ ಅನ್ನುತ್ತಿದ್ದೆ. ಅದರಲ್ಲಿ ಅರ್ಧ ಸುಳ್ಳು. ಕಿತ್ತಳೆ ತಿನ್ನುವ ಆ ಬಾಯಿಗೆ ಗೊತ್ತಾಗದ ಹಾಗೆ ಅವರ ಕ್ಲಾಸನ್ನು ನನ್ನ ಹತ್ತು ಬೆರಳಲ್ಲಿ ಆಡಿಸಬಹುದು ಅನ್ನೋ ಆಸೆ ಉಳಿದರ್ಧ.

ಒಂದೇ ದಿನ ಮಾಡಿದರೆ ಸಿಕ್ಕಿಬೀಳುತ್ತಿದ್ದೆ. ವಾರಕ್ಕೆ ಕೂದಲೆಳೆಯಷ್ಟು ವೇಗ ಹೆಚ್ಚಿಸಿದೆ. ಮೇಡಂ ಎಣಿಸುವುದು ನನ್ನ ಸಂಗೀತದ ಮೇಲೆ, ನನ್ನ ಕೈ ಓಡಿದರೆ ಅವರ ಬಾಯಿಯೂ ಓಡುತ್ತದೆ. ಒಂದು, ಎರಡು, ಮೂರು ಅಂತ ಅವರು ಎಂಟರವರೆಗೂ ಎಣಿಸುತ್ತಿದ್ದರು. ಹೊತ್ತು ಮಾತ್ರ ಮೊದಲಿನ ಆರು ಎಣಿಕೆಯಷ್ಟೇ. ಹದಿನಾರು ಕಾಲುಗಳು ಎರಡು ಎಣಿಕೆಯಷ್ಟು ಮೊದಲೇ ನೆಲ ಮುಟ್ಟುತ್ತಿದ್ದವು. ನೆಗೆತಗಳನ್ನೂ ಚುರುಕು ಮಾಡಿದೆ. ಬೇಗ ನುಡಿಸಿದರೆ ಎತ್ತರ ಹಾರುವ ಹಾಗಿಲ್ಲ, ಎತ್ತರ ಹಾರದಿದ್ದರೆ ಇಳಿಯುವ ಪೆಟ್ಟು ಕಡಿಮೆ.

ಮೊದಲ ಮೂರ್ನಾಲ್ಕು ವಾರ ಮೇಡಂ ಕಣ್ಣು ಕಡ್ಡಿಯ ಮೇಲೇ ಇತ್ತು. ಪಕ್ಕದಲ್ಲಿ ಜಗಿಯುವ ಸದ್ದು ನಿಂತುಬಿಡುತ್ತಿತ್ತು, ತಿರುಗಿ ನೋಡಿದರೆ ತೊಳೆ ಕೈಯಲ್ಲೇ ಹಿಡಿದು ಹದ್ದಿನ ಹಾಗೆ ಅವಳ ಸೊಂಟವನ್ನೇ ದಿಟ್ಟಿಸುತ್ತಿದ್ದರು. ನೋಡು, ಬೇಟೆ ಹುಡುಕುತ್ತಿದ್ದಾಳೆ ಅಂತ ನನ್ನ ಹೊಟ್ಟೆ ಉರಿಯಿತು. ಆಮೇಲೆ ಮೆಲ್ಲಗೆ ಜಗಿಯುವುದು ಮತ್ತೆ ಶುರುವಾಯಿತು. ಗೆದ್ದೆ ಅಂದುಕೊಂಡೆ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ನಕ್ಕೆ ಕೂಡ. ಎಂಥಾ ಮುಖ ಅದು, ಥೂ.

ಕಡ್ಡಿ ನೋವು ಕಡಿಮೆಯಾಗಿದೆ ಅನ್ನುತ್ತಿದ್ದಳು. ನಾನು ನಂಬಿದೆ. ನಿಜ ಹೇಳಬೇಕೆಂದರೆ, ನಂಬಲಿಲ್ಲ. ಅವಳು ಮೆಟ್ಟಿಲು ಹತ್ತುವಾಗ ಕಂಬಿಗೆ ಜೋತು ಬೀಳುವುದು ನನಗೆ ಕಾಣುತ್ತಿತ್ತು. ಮಾತ್ರೆ ತಂದುಕೊಟ್ಟವಳೂ ನಾನೇ. ಇನ್ನು ನಾಲ್ಕು ತಿಂಗಳು, ಇನ್ನು ಎರಡು ತಿಂಗಳು ಅಂತ ನಾನೇ ಹೇಳುತ್ತಿದ್ದೆ.

ಆಯ್ಕೆಯ ದಿನ ಬಂತು. ಪರೀಕ್ಷಕರು ಮೂವರು, ಮೂವರದೂ ಇಸ್ತ್ರಿ ಮಾಡಿದ ಮುಖ. ಅವರ ಹಿಂದೆ ಒಬ್ಬ ಗಡ್ಡದವನು ತನ್ನದೇ ಕುಶನ್ ಕಂಕುಳಲ್ಲಿ ಇಟ್ಟುಕೊಂಡು ಬಂದ. ನಾನು ಬೆರಳ ನೆಟಿಕೆ ಮುರಿದು ಪಿಯಾನೋ ಮುಂದೆ ಕೂತಿದ್ದೆ. ಅವನು ನಯವಾಗಿ ನಕ್ಕು, ಎಲ್ಲ ಶಾಲೆಗೂ ಒಂದೇ ಅಳತೆ ಇರಲಿ ಅಂತ ಈ ವರ್ಷದಿಂದ ತಾನೇ ನುಡಿಸುವುದು, ದಯವಿಟ್ಟು ಏಳಿ ಅಂದ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಕ್ಲಾಸನ್ನು ಮುಂದಿನಿಂದ ನೋಡಿದೆ.

ಪ್ಲಿಯೆ, ತಾಂದ್ಯು, ಫ್ರಾಪೆ ಎಲ್ಲ ಹೇಗೋ ಕಳೆಯಿತು. ದೆವೆಲೊಪೆ ಶುರುವಾಯಿತು. ಗಡ್ಡದವನು ಸರಿಯಾದ ವೇಗದಲ್ಲಿ ನುಡಿಸಿದ, ಎಂಟು ತಿಂಗಳ ಹಿಂದೆ ನಾನು ನುಡಿಸುತ್ತಿದ್ದ ವೇಗದಲ್ಲಿ. ಹದಿನಾರು ಕಾಲು ಬಿಚ್ಚಿಕೊಂಡು ಮೇಲೆ ಹೋದವು. ಆರನೇ ಎಣಿಕೆಗೆ ಒಂದು ಕಾಲು ನಡುಗಿತು, ಆಮೇಲೆ ಇನ್ನೊಂದು. ಅಷ್ಟು ಹೊತ್ತು ಎತ್ತಿ ಹಿಡಿಯುವ ಶಕ್ತಿಯನ್ನು ನಾನು ಅವರಲ್ಲಿ ಬೆಳೆಯಲೇ ಬಿಟ್ಟಿರಲಿಲ್ಲ. ಸಂಗೀತ ಮುಗಿಯುವ ಮೊದಲೇ ಹದಿನೈದು ಕಾಲು ಒಂದೊಂದಾಗಿ ಕೆಳಗಿಳಿದವು. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಗೋಡೆಗೆ ಆತುಕೊಂಡರು. ಅವರಲ್ಲಿ ಒಬ್ಬ ಹುಡುಗಿ ಯಾಕೆ ಹೀಗಾಯಿತು ಅಂತಲೇ ತಿಳಿಯದೆ ಬಾಯಿ ತೆರೆದು ನಿಂತಿದ್ದಳು. ಆ ಹದಿನೈದು ಮಕ್ಕಳ ಬಗ್ಗೆ ನಾನು ಎಂಟು ತಿಂಗಳಲ್ಲಿ ಒಂದು ಕ್ಷಣವೂ ಯೋಚಿಸಿರಲಿಲ್ಲ.

ಮೇಲೆ ಉಳಿದದ್ದು ಒಂದೇ ಕಾಲು, ಕಡ್ಡಿಯದು. ಎಷ್ಟು ಹೊತ್ತು ಬಾಕಿ ಇದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದ ಹುಡುಗಿ ಅವಳೊಬ್ಬಳೇ. ಏಳು. ಸೊಂಟ ಎಗರಲು ಹೋದದ್ದು ನನಗೆ ಕಂಡಿತು, ಹಲ್ಲು ಕಚ್ಚಿ ಅದನ್ನು ಕೆಳಕ್ಕೆ ಒತ್ತಿದಳು. ಎಂಟು. ಪರೀಕ್ಷಕಿಯೊಬ್ಬಳು ತಲೆದೂಗಿ ಏನೋ ಬರೆದುಕೊಂಡಳು. ಕಡ್ಡಿಯ ತುಟಿ ಸುಣ್ಣದ ಹಾಗೆ ಬಿಳಿಯಾಗಿತ್ತು. ನಿಲ್ಲಿಸಿ ಅಂತ ಕೂಗಬೇಕಿತ್ತು ನಾನು. ಆರಿಸಿಬಿಟ್ಟರು, ಆರಿಸಿಬಿಟ್ಟರು ಅಂತ ಮನಸ್ಸಿನೊಳಗೆ ಕುಣಿಯುತ್ತಿದ್ದೆ.

ಆಮೇಲೆ ನೆಗೆತಗಳು. ಮೊದಲ ಸೋತೆಗೆ ಮೇಲೆ ಹೋದಳು. ಇಳಿದಳು. ನೆಲದ ಮೇಲೆ ಏನೋ ಬಿದ್ದದ್ದನ್ನು ಎತ್ತಿಕೊಳ್ಳಲು ಕೂತವಳ ಹಾಗೆ ಮೆತ್ತಗೆ ಕೂತಳು. ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿಂಗ್ ಫೋಟೋಗಳನ್ನು ಬೆಳಕಿಗೆ ಹಿಡಿದು ವಿವರಿಸಿದರು. ಸೊಂಟದ ಕೀಲಿನ ಬಟ್ಟಲಿಗೆ ಮೆದುವಾದ ಅಂಚು ಇರುತ್ತದಂತೆ, ಅದು ಹರಿದು ಹೋಗಿದೆ, ಒಳಗಿನ ಮೂಳೆಯೂ ಸವೆದಿದೆ. ಆಪರೇಷನ್ ಮಾಡಿದರೆ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಕುಣಿಯುವ ಮಾತು ಬೇಡ. ಶುರುವಿನಲ್ಲೇ ಬಂದಿದ್ದರೆ ಮೂರು ತಿಂಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತಿತ್ತು, ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ ಅಂತ ಕೇಳಿದರು. ತಂಗಿ ಕುರ್ಚಿಯಿಂದ ಎದ್ದು ಹೊರಗೆ ಹೋದಳು. ಕಾರಿಡಾರಿನಲ್ಲಿ ನಿಂತಿದ್ದ ಮೇಡಂ ಮೇಲೆ ಮುಗಿಬಿದ್ದಳು.

ಎಂಟು ವರ್ಷದಿಂದ ನನ್ನ ಮಗಳ ಸೊಂಟ ಒತ್ತಿದವರು ನೀವು, ನಿಮ್ಮ ಕಣ್ಣು ಕುರುಡಾಗಿತ್ತಾ ಅಂತ ಕೂಗಾಡಿದಳು. ನಾನೂ ದನಿ ಸೇರಿಸಿದೆ. ನಾಲಿಗೆಗೆ ಎಲುಬಿಲ್ಲ ನೋಡಿ. ಕಪ್ಪೆಯ ಹಾಗೆ ಮಲಗಿಸುವುದು, ಕಿತ್ತಳೆ, ಬೀಜ, ಅರೆಹೊಟ್ಟೆಯ ಮಕ್ಕಳು, ಒಂದನ್ನೂ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಹೇಸಿಗೆಯನ್ನೆಲ್ಲ ಅವರ ಮುಖಕ್ಕೆ ಎರಚಿದೆ. ಅದೆಲ್ಲ ನಿಜವೇ ಆಗಿತ್ತು, ಅದೇ ನನಗೆ ಅನುಕೂಲವಾಯಿತು. ಮೇಡಂ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡರು.

ಆಪರೇಷನ್ ಆಗಿ ಎರಡು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಅವರು ತಂಗಿಯ ಮನೆಗೆ ಬಂದರು. ಕಡ್ಡಿ ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ನಾನು ಅವಳ ಕಾಲ ಬುಡದಲ್ಲಿ ಕೂತಿದ್ದೆ. ತಂಗಿ ಕೂರಿ ಅನ್ನಲಿಲ್ಲ. ಮೇಡಂ ನಿಂತೇ ಮಾತಾಡಿದರು.

"ನನಗೆ ಕಂಡಿತ್ತು," ಅಂದರು. "ಎಂಟು ತಿಂಗಳ ಹಿಂದೆ ಇವಳ ಎಡ ಸೊಂಟ ಕೊನೆಯ ಎರಡು ಎಣಿಕೆಯಲ್ಲಿ ಎಗರ್ತಾ ಇತ್ತು. ನಾಲ್ಕು ವಾರ ನೋಡಿದೆ. ಪಟ್ಟಿಯಿಂದ ಹೆಸರು ತೆಗೆದು, ನಿಮ್ಮನ್ನ ಕರೆಸಿ, ಡಾಕ್ಟರ ಹತ್ರ ಕಳಿಸೋಣ ಅಂತ ಪತ್ರವನ್ನೂ ಬರೆದಿಟ್ಟಿದ್ದೆ. ಅಷ್ಟರಲ್ಲಿ ಸರಿಹೋಯ್ತು. ಎಂಟಕ್ಕೆ ಎಂಟು ಎಣಿಕೆ ಅಲ್ಲಾಡದೆ ನಿಲ್ತಿದ್ದಳು. ನಾನೇ ತಪ್ಪು ನೋಡಿದೆ ಅಂದ್ಕೊಂಡು ಪತ್ರ ಹರಿದು ಹಾಕಿದೆ."

ಮೇಡಂ ಮಾತು ಮುಂದುವರಿಸಿ, ಇಡೀ ಕ್ಲಾಸಿನ ಕಾಲಿನ ಶಕ್ತಿ ಹೋದದ್ದೂ ಆಯ್ಕೆಯ ದಿನದವರೆಗೆ ತನಗೆ ಕಾಣಲಿಲ್ಲ, ಕಣ್ಣು ಹೋದ ಮೇಲೆ ಕಲಿಸಬಾರದು, ಶಾಲೆ ಬಿಡುತ್ತಿದ್ದೇನೆ ಅಂದರು. ಕಡ್ಡಿಯ ಹತ್ತಿರ ಬಂದು ತಲೆ ಮುಟ್ಟಲು ಕೈ ಎತ್ತಿ, ಧೈರ್ಯ ಸಾಲದೆ ಇಳಿಸಿದರು. ನನ್ನ ಕಡೆ ತಿರುಗಿ ಮೊದಲ ಸಲ ನನ್ನ ಹೆಸರು ಹಿಡಿದು, ಬರುತ್ತೇನೆ ಅಂದರು.

ಹೇಳಬೇಕಾಗಿದ್ದ ಹೊತ್ತು ಅದು. ನಿಮ್ಮ ಕಣ್ಣು ಸರಿಯಾಗೇ ಇತ್ತು, ಅದಕ್ಕೆ ಮಣ್ಣೆರಚಿದವಳು ನಾನು ಅಂತ ಎರಡು ಮಾತು. ಹೊದಿಕೆಯ ಸುಕ್ಕು ಸರಿಮಾಡುತ್ತಾ ಕೂತೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಕಡ್ಡಿ ನನ್ನನ್ನೇ ನೋಡುತ್ತಿದ್ದಳು.

"ನೀನು ಹೇಳ್ತೀಯ ಅಂದ್ಕೊಂಡಿದ್ದೆ," ಅಂದಳು.

ಏನು ಹೇಳಬೇಕಿತ್ತು ಅಂತ ತಂಗಿ ಕೇಳಿದಳು. ಆಗ ಹೇಳಿದೆ. ಕಾಲುಚೀಲ ಹಾಕಿಕೊಳ್ಳುತ್ತಿದ್ದುದನ್ನು ನೋಡಿದ ದಿನದಿಂದ ಹಿಡಿದು, ವಾರವಾರ ಓಡಿಸಿದ ಬೆರಳು, ತಂದುಕೊಟ್ಟ ಮಾತ್ರೆ, ಎಲ್ಲ. ಮುಗಿಸುವಾಗ, ಇವಳೇ ಅತ್ತು ಕೇಳಿಕೊಂಡಳು ಅಂತಲೂ ಸೇರಿಸಿದೆ. ಛೀ, ಆ ಒಂದು ಮಾತು ನನ್ನ ಬಾಯಿಂದ ಬರಬಾರದಿತ್ತು. ತಂಗಿ ಮಗಳ ಕಡೆ ನೋಡಿದಳು.

"ಹೌದಮ್ಮ, ನಾನೇ ಕೇಳಿದ್ದು," ಅಂದಳು ಕಡ್ಡಿ. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಾನು ಕೇಳೇ ಕೇಳ್ತೀನಿ. ನನಗೆ ಕುಣಿಯೋದು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಆಗಲ್ಲ ಅನ್ನೋದು ದೊಡ್ಡಮ್ಮನ ಕೆಲಸ ಅಲ್ವಾ?"

ತಂಗಿ ಬಯ್ಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕುರ್ಚಿಯ ಮೇಲಿದ್ದ ನನ್ನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು.

"ಬಸ್ಸು ಇನ್ನೂ ಬಂದಿರಲ್ಲ," ಅಂದಳು. "ಹೋಗಿ ಅವರಿಗೆ ಹೇಳು. ಇಲ್ಲಿಗೆ ವಾಪಸ್ ಬರಬೇಡ."

ಚೀಲ ತೆಗೆದುಕೊಂಡೆ. ಮೆಟ್ಟಿಲ ಕೊನೆಗೆ ಬಂದಾಗ ರಸ್ತೆಯ ಆ ಬದಿಯಲ್ಲಿ ಮೇಡಂ ಕಂಡರು, ಕೈಯನ್ನು ಹಣೆಗೆ ಅಡ್ಡ ಹಿಡಿದು ದೂರದಲ್ಲಿ ಬರುತ್ತಿದ್ದ ಬಸ್ಸಿನ ನಂಬರು ಓದಲು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ರಸ್ತೆ ದಾಟಿದೆ.